ಏಕಮುಖ ವಾಣಿ: ತುರ್ತುಪರಿಸ್ಥಿತಿ ಮತ್ತು ಕನ್ನಡ ಹಳ್ಳಿಗಳ ಮೊದಲ ದೂರದರ್ಶನ

ಸರ್ವಾಧಿಕಾರಿ ಪ್ರಭುತ್ವದ ಪ್ರಚಾರವೆಂದರೆ ಸುಳ್ಳಿನ ಪ್ರಸಾರ ಎಂದು ಭಾವಿಸುವುದು ವಾಡಿಕೆ. ಆದರೆ ಸುಳ್ಳಿಗಿಂತ ಮೊದಲು ನಡೆಯುವುದು ಸಂವಹನ ಮಾರ್ಗಗಳ ನಿಯಂತ್ರಣ. ಜರ್ಮನಿಯ ನಾತ್ಸಿ ಆಡಳಿತವು 1933ರಲ್ಲಿ ಅಗ್ಗದ 'ಜನತಾ ರೇಡಿಯೊ'ವನ್ನು ಬಳಕೆಗೆ ತಂದಿತು. 1939ರಲ್ಲಿ ವಿದೇಶಿ ಬಾನುಲಿ ಕೇಳುವುದನ್ನೇ ಅಪರಾಧವಾಗಿಸಿತು. ತನ್ನ ದನಿಯನ್ನು ಮನೆಮನೆಗೆ ಮುಟ್ಟಿಸುವುದು ಮತ್ತು ಉಳಿದ ದನಿಗಳನ್ನು ಅಡಗಿಸುವುದು ಒಂದೇ ಕಾರ್ಯದ ಎರಡು ಮುಖಗಳು. ಕನ್ನಡ ನಾಡಿನ ಅನುಭವವೊಂದರ ಬೆಳಕಿನಲ್ಲಿ ಇದನ್ನು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿಯು ಸಂವಿಧಾನದ 352ನೆಯ ವಿಧಿಯನ್ನು ಆಧರಿಸಿತ್ತು. ಆ ಕಾರಣದಿಂದ ಅದನ್ನು ಸೈನಿಕ ಸರ್ವಾಧಿಕಾರಗಳೊಂದಿಗೆ ಸಮೀಕರಿಸಲಾಗದು. ಆದರೂ ಮಾಧ್ಯಮಗಳ ಮಟ್ಟಿಗೆ ಅದರ ವಿಧಾನ ಪರಿಚಿತವಾದುದೇ. ಅಂದು ರಾತ್ರಿ ದೆಹಲಿಯ ಪತ್ರಿಕಾ ಮುದ್ರಣಾಲಯಗಳಿಗೆ ವಿದ್ಯುತ್ ನಿಲುಗಡೆಯಾಯಿತು. ಮರುದಿನ ಸೆನ್ಸಾರ್ ಜಾರಿಗೆ ಬಂದಿತು. 1976ರ ಫೆಬ್ರವರಿಯಲ್ಲಿ ನಾಲ್ಕು ಸುದ್ದಿಸಂಸ್ಥೆಗಳು ವಿಲೀನಗೊಂಡು 'ಸಮಾಚಾರ್' ಆದವು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ 1976ರಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಅವರ ಸೆರೆವಾಸ ಅಂದಿನ ಪತ್ರಿಕೆಗಳಲ್ಲಿ ಮುಕ್ತ ಚರ್ಚೆಯ ವಸ್ತುವಾಗುವಂತಿರಲಿಲ್ಲ.

ಇದೇ ಅವಧಿಯಲ್ಲಿ ಕನ್ನಡದ ಹಳ್ಳಿಗಳಿಗೆ ದೂರದರ್ಶನ ಬಂದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಗ್ರಾಮಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾದವು. ಈ ಯೋಜನೆ ತುರ್ತುಪರಿಸ್ಥಿತಿಯ ಕೂಸಲ್ಲ. ಅಮೆರಿಕದ ನಾಸಾ ಸಂಸ್ಥೆಯೊಂದಿಗಿನ ಒಪ್ಪಂದ 1969ರಲ್ಲಿಯೇ ಆಗಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಕೃಷಿ, ಆರೋಗ್ಯ, ಮನರಂಜನೆ: ಇವು ನಿಜಕ್ಕೂ ಉಪಯುಕ್ತವಾಗಿದ್ದವು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಸುದ್ದಿಯಾದರೋ ಎಲ್ಲ ರಾಜ್ಯಗಳಿಗೂ ಹಿಂದಿಯಲ್ಲಿ ಒಂದೇ ಆಗಿತ್ತು. ಹೀಗೆ ಹೊಲದ ಮಾತು ಕನ್ನಡದಲ್ಲಿ, ರಾಜ್ಯಭಾರದ ಮಾತು ಹಿಂದಿಯಲ್ಲಿ ಬಂದವು. ಗ್ರಾಮಸ್ಥರು ನೋಡಬಲ್ಲವರಾಗಿದ್ದರು, ಮರುಪ್ರಶ್ನೆ ಕೇಳಬಲ್ಲವರಾಗಿರಲಿಲ್ಲ. ಹೋಲಿಸಿ ನೋಡಲು ಸೆನ್ಸಾರಿಗೊಳಪಡದ ಪತ್ರಿಕೆಯೂ ಕೈಗೆ ಸಿಗುವಂತಿರಲಿಲ್ಲ. ಬಿತ್ತನೆಯ ಬಗೆಗೆ ಹಿತವಚನ ಹೇಳಿದ ಪರದೆಯೇ ಆಡಳಿತದ ಬಗೆಗೂ ಹೇಳಿದಾಗ, ಮೊದಲನೆಯದರ ವಿಶ್ವಾಸಾರ್ಹತೆ ಎರಡನೆಯದಕ್ಕೂ ಸಲ್ಲುವ ಸಾಧ್ಯತೆ ಇರುತ್ತದೆ. ಏಕಮುಖ ಮಾಧ್ಯಮದ ಅಪಾಯ ಇರುವುದು ಇಲ್ಲಿ.

ಆದರೆ ಪ್ರಚಾರದ ಶಕ್ತಿಯನ್ನು ಉತ್ಪ್ರೇಕ್ಷಿಸುವುದೂ ತಪ್ಪು. 1977ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಇದೇ ಪ್ರಯೋಗ ನಡೆದ ಬಿಹಾರದಲ್ಲಿ ಒಂದನ್ನೂ ಗೆಲ್ಲಲಿಲ್ಲ. ಎರಡೂ ಕಡೆ ಕೇಳಿಬಂದ ಕೇಂದ್ರದ ಸುದ್ದಿ ಒಂದೇ. ಉತ್ತರದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ, ಇಲ್ಲಿ ದೇವರಾಜ ಅರಸರ ಭೂಸುಧಾರಣೆ: ಜನರ ತೀರ್ಪಿನ ಹಿಂದೆ ಪರದೆಯ ಮಾತಿಗಿಂತ ಬದುಕಿನ ಅನುಭವ ಹೆಚ್ಚು ಕೆಲಸ ಮಾಡಿದಂತಿದೆ.

ಮಾಧ್ಯಮ ದುರ್ಬಳಕೆಯನ್ನು ಕುರಿತು 1977ರ ಆಗಸ್ಟ್‌ನಲ್ಲಿ ಪ್ರಕಟವಾದ ಶ್ವೇತಪತ್ರವು ಆದೇಶ ನೀಡಿದವರ ಕಥನ. ಪ್ರಯೋಗಕಾಲದ ಮೌಲ್ಯಮಾಪನಗಳು ಕೃಷಿ ಹಾಗೂ ಆರೋಗ್ಯ ಜ್ಞಾನದ ಹೆಚ್ಚಳವನ್ನು ಅಳೆದವು. ಪರದೆಯ ಮುಂದೆ ಕುಳಿತವರು ಆ ಸುದ್ದಿಯನ್ನು ಎಷ್ಟು ನಂಬಿದರು, ಯಾವುದನ್ನು ಬದಿಗಿಟ್ಟರು ಎಂಬುದನ್ನು ಅವರಿಂದಲೇ ತಿಳಿಯಬೇಕು. ಅಂದಿನ ಶಾಲಾಮಕ್ಕಳು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅಂದಿನ ರೈತರಲ್ಲಿ ಉಳಿದವರು ವಿರಳ. ಹೊರನಾಡಿನ ಸಂಶೋಧಕರು ಕಡತಗಳ ಜೊತೆಗೆ ಈ ಮೂರು ಜಿಲ್ಲೆಗಳ ಬಾಯ್ಮಾತಿನ ನೆನಪುಗಳನ್ನೂ ವಿಳಂಬವಿಲ್ಲದೆ ಸಂಗ್ರಹಿಸುವುದು ಅಗತ್ಯ.