ಕಂಪ್ಯೂಟರ್ ಪರದೆಯ ಪಾಲುಗಾರಿಕೆ ಲೆಕ್ಕ

ಹಳದಿಗೆ ನೀಲಿ ಬೆರೆಸಿದರೆ ಯಾವ ಬಣ್ಣ? ಜಲವರ್ಣದ ಡಬ್ಬಿ ಹಿಡಿದ ಯಾವ ಮಗುವಾದರೂ 'ಹಸಿರು' ಎಂದು ತಟ್ಟನೆ ಹೇಳುತ್ತದೆ. ಆದರೆ ಕಂಪ್ಯೂಟರಿನಲ್ಲಿ ನೀಲಿ ಚೌಕದ ಮೇಲೆ ಅರ್ಧ ಪಾರದರ್ಶಕವಾದ ಹಳದಿ ಚೌಕ ಇಟ್ಟು ನೋಡಿ. ಕಾಣುವುದು ಹಸಿರಲ್ಲ, ಬೂದು!

ಏಕೆ ಹೀಗೆ? ಹಳದಿ ಬಣ್ಣದ ಪುಡಿ ಬೆಳಕಿನ ನೀಲಿ ಭಾಗವನ್ನು ಹೀರುತ್ತದೆ, ನೀಲಿ ಪುಡಿ ಕೆಂಪು ಭಾಗವನ್ನು ಹೀರುತ್ತದೆ. ಎರಡರಿಂದಲೂ ಪಾರಾಗಿ ಉಳಿಯುವುದು ಹಸಿರು. ಪರದೆಯಲ್ಲಿ ಇಂಥ ಪುಡಿಯೇ ಇಲ್ಲ. ಇರುವುದು ಲಕ್ಷಗಟ್ಟಲೆ ಬಿಂದುಗಳು. ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣ ತಿಳಿಸುವ ಮೂರು ಸಂಖ್ಯೆಗಳಿರುತ್ತವೆ. ಸಾಮಾನ್ಯವಾಗಿ ಇವು 0ಯಿಂದ 255ರವರೆಗೆ ಇರುತ್ತವೆ. ಹಳದಿ ಎಂದರೆ 255, 255, 0. ನೀಲಿ ಎಂದರೆ 0, 0, 255. ಅರ್ಧರ್ಧ ಪಾಲು ಕೂಡಿಸಿದರೆ ಮೂರೂ ಸುಮಾರು 128 ಆಗುತ್ತವೆ. ಮೂರೂ ಸಮವಾದರೆ ಬೂದು ಬಣ್ಣ!

ಮೇಲಿನ ಚಿತ್ರದ ಪಾಲು ಎಷ್ಟೆಂದು ಹೇಳುವ ನಾಲ್ಕನೆಯ ಸಂಖ್ಯೆಗೆ 'ಆಲ್ಫಾ' ಎಂದು ಹೆಸರು. ಆಲ್ಫಾ 1 ಆದರೆ ಮೇಲಿನದು ಪೂರ್ತಿ ಮುಚ್ಚುತ್ತದೆ. 0 ಆದರೆ ಅದು ಕಾಣುವುದೇ ಇಲ್ಲ. ಆಲ್ಫಾ 0.8 ಆದರೆ ಮೇಲಿನದಕ್ಕೆ ಶೇ 80, ಕೆಳಗಿನದಕ್ಕೆ ಶೇ 20. ನೀವು ಶಾಲೆಯಲ್ಲಿ ಮಾಡುವ ಪಾಲುಗಾರಿಕೆ ಲೆಕ್ಕವೇ ಇದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ರೂಪಿಸಿದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಇದರ ನಿಯಮಗಳನ್ನು ಪ್ರಬಂಧವಾಗಿ ಪ್ರಕಟಿಸಿದರು. ಸಿನಿಮಾದಲ್ಲಿ ಬೇರೆ ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಲು ಈ ಲೆಕ್ಕವೇ ಆಧಾರ.

ಈಗ ಒಂದು ಸಣ್ಣ ಪ್ರಶ್ನೆ. ಶೇ 50ರ ಎರಡು ಪದರ ಹಾಕಿದರೆ ಅಡಿಯದು ಪೂರ್ತಿ ಮುಚ್ಚಿಹೋಗುತ್ತದೆಯೇ? ಇಲ್ಲ. ಮೊದಲನೆಯದು ಅರ್ಧ ಉಳಿಸುತ್ತದೆ, ಎರಡನೆಯದು ಆ ಅರ್ಧದಲ್ಲಿ ಅರ್ಧ. ಕಾಲು ಭಾಗ ಇನ್ನೂ ಅಲ್ಲೇ ಇರುತ್ತದೆ!

ಇದು ಬರೀ ಕುತೂಹಲದ ಸಂಗತಿಯಲ್ಲ. ಆಧಾರ್ ಕಾರ್ಡಿನ ಫೋಟೋ ಕಳಿಸುವಾಗ ಅನೇಕರು ಮೊಬೈಲಿನಲ್ಲೇ ಸಂಖ್ಯೆಯ ಮೇಲೆ ಕಪ್ಪು ಗೆರೆ ಎಳೆಯುತ್ತಾರೆ. ಆರಿಸಿಕೊಂಡದ್ದು ಹೈಲೈಟರ್ ಪೆನ್ನಾಗಿದ್ದರೆ ಆ ಕಪ್ಪು ಅರೆಪಾರದರ್ಶಕ. ಶೇ 80ರ ಕಪ್ಪನ್ನು ಎರಡು ಸಲ ಬಳಿದರೂ ಶೇ 4 ಉಳಿಯುತ್ತದೆ. ಬಿಳಿ ಕಾಗದದ 255 ಸುಮಾರು 10 ಆಗುತ್ತದೆ, ಕಪ್ಪು ಅಂಕಿಯ 0 ಹಾಗೇ ಇರುತ್ತದೆ. ನಮ್ಮ ಕಣ್ಣಿಗೆ ಎರಡೂ ಕಪ್ಪೇ. ಆದರೆ ಯಾರಾದರೂ ಫೋಟೋದ ಹೊಳಪು ಹೆಚ್ಚಿಸಿದರೆ ಅಂಕಿಗಳು ಮತ್ತೆ ಎದ್ದು ಬರಬಹುದು.

ಆದ್ದರಿಂದ ಮಕ್ಕಳೇ, ಅಪ್ಪ ಅಮ್ಮಂದಿರು ಇಂಥ ಫೋಟೋ ಕಳಿಸುವ ಮೊದಲು ನೀವೇ ಹೊಳಪು ಹೆಚ್ಚಿಸಿ ಪರೀಕ್ಷಿಸಿ. ಅದಕ್ಕಿಂತ ಸುಲಭದ ಉಪಾಯವೂ ಇದೆ: ಫೋಟೋ ತೆಗೆಯುವಾಗಲೇ ಸಂಖ್ಯೆಯ ಮೇಲೊಂದು ದಪ್ಪ ರಟ್ಟಿನ ಚೂರು ಇಡಿ. ಅದರ ಆಲ್ಫಾ ಯಾವಾಗಲೂ 1!