ಮುಂದೆ ನೀರು, ಪಕ್ಕದಲ್ಲಿ ಮಿಡತೆ, ಆದರೂ ಉಪವಾಸ!

ಮುಂದೆ ಬಟ್ಟಲು ತುಂಬ ನೀರು. ಪಕ್ಕದಲ್ಲೇ ಕುಪ್ಪಳಿಸುವ ಮಿಡತೆಗಳು. ಆದರೂ ಬಾಯಾರಿ, ಹಸಿದು ಸತ್ತೇ ಹೋಗಬಲ್ಲ ಪ್ರಾಣಿ ಯಾವುದು? ಹೇಳಿ ನೋಡೋಣ!

ಗೋಸುಂಬೆ! ಮರದಿಂದ ಹಿಡಿದು ತಂದು ಗೂಡಿಗೆ ಹಾಕಿದ ಗೋಸುಂಬೆ!

ನಾಗಸಂದ್ರದಲ್ಲಿ ಮೆಟ್ರೊ ಇಳಿದು, ತುಮಕೂರು ರಸ್ತೆಯ ಲಾರಿಗಳ ಸದ್ದಿನ ನಡುವೆ ಪೀಣ್ಯದ ಶೆಡ್ಡಿಗೆ ಹೋಗುವವರಿಗೆ ಇದು ಎಲ್ಲೋ ಮಡಗಾಸ್ಕರಿನ ಕಥೆ ಅನ್ನಿಸಬಹುದು. ಅಲ್ಲವೇ ಅಲ್ಲ! ಜಗತ್ತಿನಲ್ಲಿ 200ಕ್ಕೂ ಹೆಚ್ಚು ಬಗೆಯ ಗೋಸುಂಬೆಗಳಿವೆ. ಅವುಗಳಲ್ಲಿ ಭಾರತದ ಪಾಲಿಗೆ ಬಂದದ್ದು ಎಷ್ಟು?

ಒಂದೇ ಒಂದು! ಆ ಒಂದು ನಮ್ಮ ಕರ್ನಾಟಕದಲ್ಲೂ ಇದೆ. ಕುರುಚಲು ಕಾಡು, ಹೊಲದ ಬೇಲಿ, ಜಾಲಿ ಗಿಡ, ಇವೇ ಅದರ ಮನೆ.

ಆಸೆಯಾಯಿತೇ? ಮನೆಗೆ ತರಬೇಡಿ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೆನ್ನಿಗಿದೆ. ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ. ಹಾಗಾದರೆ ಸೆರೆಯ ಗೋಸುಂಬೆಗೆ ಊಟ ಮಾಡಿಸುವ ಕಷ್ಟ ಯಾರಿಗೆ? ಹಿಡಿದವರ ಕೈಯಿಂದ ಬಿಡಿಸಿಕೊಂಡು ಬಂದದ್ದನ್ನು ಉಳಿಸಬೇಕಾದವರಿಗೆ! ನಮ್ಮ ಬೆಂಗಳೂರಿನಲ್ಲೇ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ, ಬನ್ನೇರುಘಟ್ಟ ಉದ್ಯಾನವಿದೆ.

ಕೆಲಸ ಸಣ್ಣದಲ್ಲ. 2023ರ ಜನವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳನ್ನು ತೆರೆಸಿದರು. ಒಳಗೆ 18 ಜೀವಗಳು! ಅದರ ಜಾಡು ಹಿಡಿದು ಒಂದು ಫಾರ್ಮ್‌ಹೌಸಿಗೆ ಹೋದರೆ ಅಲ್ಲಿ ಇನ್ನೆಷ್ಟು? 139! ಅನಕೊಂಡ, ಇಗುವಾನ, ಹೆಬ್ಬಾವು, ಕೋತಿ. ಅವುಗಳ ನಡುವೆ ತಲೆಯ ಮೇಲೆ ಎತ್ತರದ ಶಿಖೆ ಹೊತ್ತ ಯೆಮೆನ್ ದೇಶದ ಗೋಸುಂಬೆ!

ಈಗ ಬಟ್ಟಲಿನ ಒಗಟಿಗೆ ಬರೋಣ. ನೀರು ಎದುರಿಗಿದ್ದರೂ ಯಾಕೆ ಕುಡಿಯುವುದಿಲ್ಲ?

ಕಾಣುವುದೇ ಇಲ್ಲ! ಅಂದರೆ, ಅದು ನೀರೆಂದು ಗುರುತೇ ಸಿಗುವುದಿಲ್ಲ. ಹುಟ್ಟಿದಾಗಿನಿಂದ ಅದು ಕುಡಿದಿರುವುದು ಎಲೆಯ ಮೇಲಿನ ಇಬ್ಬನಿ, ಮಳೆಹನಿ. ಅಲುಗಬೇಕು, ಮಿನುಗಬೇಕು, ಜಾರಬೇಕು. ಆಗಲೇ ಅದಕ್ಕೆ ನೀರು! ಸುಮ್ಮನೆ ನಿಂತ ನೀರು ಅದರ ಪಾಲಿಗೆ ಇದ್ದೂ ಇಲ್ಲದ್ದು.

ಹಾಗಾದರೆ ಉಪಾಯ? ಸಲೈನ್ ಹಾಕುವ ಡ್ರಿಪ್ ಸೆಟ್! ಇಲ್ಲವೇ ತಳದಲ್ಲಿ ಸೂಜಿಯಿಂದ ಚುಚ್ಚಿದ ಪ್ಲಾಸ್ಟಿಕ್ ಲೋಟ! ಗೂಡಿನ ಮೇಲಿಟ್ಟು, ಹನಿ ಹನಿಯಾಗಿ ದಾಸವಾಳದ ಎಲೆ ಮೇಲೆ ಬೀಳುವಂತೆ ಬಿಡಬೇಕು. ಒಂದು ಹನಿ ಎಲೆಯ ತುದಿಗೆ ಬಂದು ತೂಗುತ್ತದೆ. ಒಂದು ಕಣ್ಣು ತಿರುಗುತ್ತದೆ. ಇನ್ನೊಂದು ನಿಮ್ಮನ್ನೇ ನೋಡುತ್ತಿರುತ್ತದೆ! ತುಟಿ ಎಲೆಗೆ ತಾಗುತ್ತದೆ. ಗಂಟಲು ಅಲುಗುತ್ತದೆ. ಕುಡಿಯಿತು!

ಒಂದು ಕಣ್ಣು ನಿಮ್ಮನ್ನೇ ನೋಡುತ್ತಿತ್ತು ಅಂದೆನಲ್ಲ, ಅಲ್ಲೇ ಇದೆ ಇಡೀ ಗುಟ್ಟು! ಎರಡು ಕಣ್ಣೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ತಲೆ ಅಲ್ಲಾಡಿಸದೆ ಸುತ್ತಲಿನದೆಲ್ಲ ಕಾಣುತ್ತದೆ. ಅಂಥ ಜೀವಿಯ ಮುಂದೆ ನೀವು ಕುಳಿತು, ಪ್ರೀತಿಯಿಂದಲೇ ಆಗಲಿ, ದಿಟ್ಟಿಸಿದರೆ ಅದಕ್ಕೆ ಏನನ್ನಿಸೀತು? ಹದ್ದು! ಹಾವು! ತನ್ನನ್ನು ನೋಡುತ್ತಿರುವುದೆಲ್ಲ ತನ್ನನ್ನು ತಿನ್ನಲು ಬಂದದ್ದೇ! ಮೈ ಕಪ್ಪಾಗುತ್ತದೆ. ಬಾಯಿ ಬಿಗಿಯುತ್ತದೆ. ಊಟ ಎಲ್ಲಿಂದ ಬಂತು?

ಅದಕ್ಕೆ ಉಣ್ಣಿಸಬೇಕೆಂದರೆ ನೀವು ಮಾಯವಾಗಬೇಕು! ಗೂಡಿನ ತುಂಬ ಸೊಪ್ಪು, ಎಲೆ, ರೆಂಬೆ. ನಮ್ಮ ಮನೆಗಳ ಮನಿಪ್ಲಾಂಟ್ ಕೂಡ ಆದೀತು. ಗಾಜಿನ ತೊಟ್ಟಿ ಬೇಡ, ಜಾಲರಿ ಬೇಕು, ಯಾಕೆಂದರೆ ಗಾಜಿನಲ್ಲಿ ತನ್ನದೇ ಬಿಂಬ ಕಂಡು ಶತ್ರು ಬಂದನೆಂದು ಬೆದರುತ್ತದೆ. ಗೂಡನ್ನು ನೆಲದ ಮೇಲಿಡಬೇಡಿ, ಎತ್ತರದಲ್ಲಿಡಿ. ನಿಮ್ಮ ಮುಖಕ್ಕಿಂತ ಮೇಲೆ ಕೂತರೆ ಅದಕ್ಕೆ ಅರ್ಧ ಭಯ ಅಲ್ಲೇ ಇಳಿಯುತ್ತದೆ!

ಇನ್ನು ಮಿಡತೆ. ಸತ್ತದ್ದನ್ನು ಮೂಸಿಯೂ ನೋಡುವುದಿಲ್ಲ. ಚಲಿಸಬೇಕು! ಚಿಮ್ಮಂಡೆ ಒಲ್ಲೆ ಎಂದು ಮುಖ ತಿರುಗಿಸಿದ್ದು, ಗುಂಯ್‌ಗುಡುವ ನೊಣ ಬಿಟ್ಟ ಕೂಡಲೇ ತಡೆಯಲಾರದೆ ನಾಲಿಗೆ ಬೀಸಿಬಿಡಬಹುದು.

ಆ ನಾಲಿಗೆ! ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಳಗೊಂದು ಮೂಳೆ, ಅದರ ಸುತ್ತ ಹಿಗ್ಗುವ ಪದರಗಳು, ಅವನ್ನು ಬಿಗಿಯುವ ಸ್ನಾಯು. ಬಿಲ್ಲಿನ ಹೆದೆ ಎಳೆದು ಬಿಟ್ಟಂತೆ! ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಆಂಡರ್ಸನ್ 2016ರಲ್ಲಿ ಪ್ರಕಟಿಸಿದ ಲೆಕ್ಕ ಕೇಳಿ. ಹೆಬ್ಬೆರಳ ಮೇಲೆ ಕೂರುವಂಥ ಪುಟ್ಟ ಆಫ್ರಿಕನ್ ಗೋಸುಂಬೆ. ಅದರ ನಾಲಿಗೆ ವೇಗ ಪಡೆಯುವ ರಭಸ ಭೂಮಿಯ ಗುರುತ್ವದ ಎಷ್ಟು ಪಟ್ಟು? ಹತ್ತು? ಐವತ್ತು?

264 ಪಟ್ಟು! ಆ ರಭಸದಲ್ಲಿ ಕಾರು ಹೊರಟರೆ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು! ನಾಲಿಗೆಯ ತುದಿಯ ಲೋಳೆಯೋ, ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿ!

ಇನ್ನೂ ಒಂದು ಬಾಕಿ ಇದೆ. ಡಿಸೆಂಬರಿನ ನಾಗಸಂದ್ರ, ಬೆಳಗ್ಗೆ 15 ಡಿಗ್ರಿ ಚಳಿ. ಸ್ವೆಟರ್ ಹಾಕಿದವರೇ ನಡುಗುವಾಗ ತಣ್ಣನೆಯ ರಕ್ತದ ಪ್ರಾಣಿಯ ನಾಲಿಗೆ ಮರಗಟ್ಟಬೇಕಲ್ಲವೇ? ಇಲ್ಲ! ಆಂಡರ್ಸನ್ ಮತ್ತು ಸಹಸಂಶೋಧಕ ಸ್ಟೀಫನ್ ಡೆಬನ್ 2010ರಲ್ಲಿ ಅಳೆದದ್ದು ಆ ಯೆಮೆನ್ ಗೋಸುಂಬೆಯನ್ನೇ. ಉಷ್ಣತೆ 10 ಡಿಗ್ರಿ ಇಳಿದರೂ ನಾಲಿಗೆ ಚಾಚುವ ಬಿರುಸು ಕುಗ್ಗಿದ್ದು ಶೇ 10ರಿಂದ 19 ಮಾತ್ರ. ಒಳಗೆ ಎಳೆದುಕೊಳ್ಳುವ ಬಿರುಸು ಮಾತ್ರ ಶೇ 42ರಿಂದ 63 ಕುಸಿಯಿತು! ಚಾಚುವಾಗ ಬಿಲ್ಲಿದೆ, ಎಳೆಯುವಾಗ ಸ್ನಾಯುವೊಂದೇ.

ಚಳಿಯಲ್ಲೂ ಬೇಟೆಯಾದೀತು, ಸರಿ. ಆದರೆ ನುಂಗಿದ್ದು ಜೀರ್ಣವಾಗಲು ಬಿಸಿಲು ಬೇಕೇ ಬೇಕು! ಅದಕ್ಕೇ ಗೂಡಿನ ಒಂದು ಮೂಲೆಯಲ್ಲಿ ಬಿಸಿ ಕೊಡುವ ದೀಪ, ಇನ್ನೊಂದು ಮೂಲೆ ತಂಪು. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳಲಿ. ಮೂಳೆ ಗಟ್ಟಿಯಾಗಲು ಅತಿನೇರಳೆ ಕಿರಣವೂ ಬೇಕು, ಹುಳದ ಮೇಲೆ ಉದುರಿಸಿದ ಕ್ಯಾಲ್ಸಿಯಂ ಪುಡಿಯೂ ಬೇಕು.

ಎಲ್ಲ ಸರಿಹೋಯಿತೆಂದು ಗೊತ್ತಾಗುವುದು ಹೇಗೆ? ಹಿಕ್ಕೆ ನೋಡಿ! ಅದರ ಜೊತೆ ಬರುವ ಗಟ್ಟಿ ಮೂತ್ರ ಬೆಳ್ಳಗಿದ್ದರೆ ನೀರು ಸಾಕಷ್ಟು ಹೋಗಿದೆ. ಹಳದಿ, ಕಿತ್ತಳೆಯಾದರೆ ಇನ್ನೂ ಬಾಯಾರಿದೆ! ಕಣ್ಣು ಗುಳಿಬಿದ್ದಿದ್ದರೆ ಇನ್ನೂ ಅಪಾಯ. ಕಾಡಿನಿಂದ ಬಂದವುಗಳ ಹೊಟ್ಟೆಯಲ್ಲಿ ಹುಳು ಸಾಮಾನ್ಯ, ಆದ್ದರಿಂದ ಹಿಕ್ಕೆ ಪಶುವೈದ್ಯರ ಸೂಕ್ಷ್ಮದರ್ಶಕದ ಕೆಳಗೂ ಹೋಗಬೇಕು. ಬಾಯಿ ಬಿಡಿಸಿ ಬಲವಂತವಾಗಿ ತುರುಕುವುದು ಮಾತ್ರ ಬೇಡವೇ ಬೇಡ, ಅದು ವೈದ್ಯರು ನಿರ್ಧರಿಸುವ ಕಡೆಯ ದಾರಿ.

ನಾಳೆ ನಿಮ್ಮ ಕಾರ್ಖಾನೆಯ ಕಾಂಪೌಂಡಿನಲ್ಲೇ ಒಂದು ಸಿಕ್ಕಿತು ಅನ್ನಿ. ಕಲ್ಲು ಹೊಡೆಯಲು ಬಂದವರನ್ನು ತಡೆಯಿರಿ, ಅದಕ್ಕೆ ವಿಷವಿಲ್ಲ! ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಬರುವವರೆಗೆ ಮೈ ಹಿಡಿದು ಎಳೆಯಬೇಡಿ. ಮುಂಗಾಲಲ್ಲಿ ಒಳಗೆ ಮೂರು ಬೆರಳು, ಹೊರಗೆ ಎರಡು. ಹಿಂಗಾಲಲ್ಲಿ ಒಳಗೆ ಎರಡು, ಹೊರಗೆ ಮೂರು! ಎರಡು ಕಟ್ಟಾದ ಆ ಬೆರಳುಗಳ ಹಿಡಿತ ಇಕ್ಕಳದ್ದು, ಸುಲಭಕ್ಕೆ ಬಿಡದು. ಸರಿಸಲೇಬೇಕಾದರೆ ಒಂದು ಕಡ್ಡಿಯನ್ನು ಅದರ ಎದೆಯ ಮುಂದೆ ಹಿಡಿಯಿರಿ. ತಾನೇ ಹತ್ತುತ್ತದೆ!