ಚಿನ್ನದ ಚೆಂಡು ಯಾರಿಗೆ?

2024ನೆಯ ಇಸವಿಯ ಕೊನೆಯಲ್ಲಿ ನಮ್ಮ ವಾಚನಾಲಯದ ಮೇಜಿನ ಬಳಿ ಒಂದು ವಾದವೆದ್ದಿತು. ಜಗತ್ತಿನ ಅತ್ಯುತ್ತಮ ಕಾಲ್ಚೆಂಡಾಟಗಾರ ಸ್ಪೇನಿನ ರೋಡ್ರಿ ಎಂದು ಅಕ್ಟೋಬರಿನಲ್ಲಿ ಸುದ್ದಿ ಬಂದಿತ್ತು. ಡಿಸೆಂಬರಿನಲ್ಲಿ ನೋಡಿದರೆ ಆ ಸ್ಥಾನದಲ್ಲಿ ಬ್ರೆಜಿಲಿನ ವಿನೀಸಿಯಸ್ ಜೂನಿಯರ್ ಅವರ ಹೆಸರು! ಎರಡರಲ್ಲಿ ಒಂದು ಪತ್ರಿಕೆ ತಪ್ಪು ಬರೆದಿರಬೇಕೆಂದು ಒಬ್ಬ ಮಿತ್ರರು ಹೇಳಿದರು. ವಾಸ್ತವವಾಗಿ ಎರಡೂ ಸರಿಯೇ. ಬಹುಮಾನಗಳು ಎರಡುಂಟು. ಕೊಡುವವರು ಬೇರೆ, ಮತ ಹಾಕುವವರೂ ಬೇರೆ. ಈ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಮೊದಲನೆಯದು 'ಬ್ಯಾಲನ್ ಡೋರ್', ಎಂದರೆ ಚಿನ್ನದ ಚೆಂಡು. ಪ್ಯಾರಿಸಿನ 'ಫ್ರಾನ್ಸ್ ಫುಟ್‌ಬಾಲ್' ಎಂಬ ಪತ್ರಿಕೆ ಇದನ್ನು 1956ರಲ್ಲಿ ಆರಂಭಿಸಿತು. ಮತದಾರರು ಪತ್ರಕರ್ತರು. ಮೊದಲನೆಯ ವರ್ಷ ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರಿಗೆ 47 ಅಂಕಗಳು ಬಂದವು. ರಿಯಲ್ ಮ್ಯಾಡ್ರಿಡ್ ತಂಡದ ಆಲ್ಫ್ರೆಡೊ ಡಿ ಸ್ಟೆಫಾನೊ ಅವರಿಗೆ 44. ಮೂರೇ ಅಂಕಗಳ ಅಂತರ. ಮ್ಯಾಥ್ಯೂಸರಿಗೆ ಆಗ 41 ವರ್ಷ ವಯಸ್ಸು! ಡಿ ಸ್ಟೆಫಾನೊ ಮುಂದೆ 1957ರಲ್ಲಿಯೂ 1959ರಲ್ಲಿಯೂ ಇದನ್ನು ಪಡೆದರು.

ಆದರೆ ಆ ಕಾಲದಲ್ಲಿ ಈ ಗೌರವ ಯೂರೋಪಿನ ಆಟಗಾರರಿಗೆ ಮಾತ್ರ ಮೀಸಲು. ಮೂರು ವಿಶ್ವಕಪ್ ಗೆದ್ದ ಬ್ರೆಜಿಲಿನ ಪೆಲೆ ತಾವು ಆಡುತ್ತಿದ್ದಾಗ ಒಮ್ಮೆಯೂ ಅದನ್ನು ಪಡೆಯಲಿಲ್ಲ. ಪಡೆಯಲು ನಿಯಮವೇ ಬಿಡುತ್ತಿರಲಿಲ್ಲ. ಬಹುಮಾನ ಹುಟ್ಟಿದ ಅದೇ 1956ರಲ್ಲಿ ನಮ್ಮ ಭಾರತ ತಂಡವು ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ಆಟದಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಇಂಥವರ ಆಟವನ್ನು ತೂಗಿ ನೋಡಿ 'ಬೇಡ' ಎಂದಿದ್ದರೆ ಅದು ಬೇರೆ ಮಾತು. ಇಲ್ಲಿ ತಕ್ಕಡಿಯ ಮೇಲೆ ಇಡಲೇ ಅವಕಾಶವಿರಲಿಲ್ಲ.

1995ರಲ್ಲಿ ನಿಯಮ ಸಡಿಲವಾಯಿತು. ಯೂರೋಪಿನ ಕ್ಲಬ್ಬುಗಳಲ್ಲಿ ಆಡುವ ಯಾವ ದೇಶದವರಾದರೂ ಸರಿ ಎಂದಾಯಿತು. ಆ ವರ್ಷವೇ ಆಫ್ರಿಕದ ಲೈಬೀರಿಯಾ ದೇಶದ ಜಾರ್ಜ್ ವೇಯ ಗೆದ್ದರು. 2007ರಿಂದ ಜಗತ್ತಿನ ಯಾವ ಮೂಲೆಯಲ್ಲಿ ಆಡುವವರಿಗೂ ಬಾಗಿಲು ತೆರೆಯಿತು. ಮಹಿಳೆಯರು ಮಾತ್ರ 2018ರವರೆಗೆ ಕಾಯಬೇಕಾಯಿತು. ಆ ವರ್ಷ ನಾರ್ವೆಯ ಆಡಾ ಹೆಗರ್‌ಬರ್ಗ್ ಮೊದಲಿಗರಾದರು. ಪುರುಷರಲ್ಲಿ ಅರ್ಜೆಂಟೀನದ ಲಯನೆಲ್ ಮೆಸ್ಸಿ 2023ರ ವೇಳೆಗೆ ಎಂಟು ಸಲ ಗೆದ್ದು ಎಲ್ಲರನ್ನೂ ಮೀರಿಸಿದ್ದಾರೆ.

ಎರಡನೆಯ ಬಹುಮಾನ ವಿಶ್ವಕಪ್ ನಡೆಸುವ ಫಿಫಾ ಸಂಸ್ಥೆಯದು. 1991ರಲ್ಲಿ ಜರ್ಮನಿಯ ಲೋಥರ್ ಮಥಾಯಸ್ ಅವರಿಂದ ಇದು ಆರಂಭವಾಯಿತು. 2010ರಿಂದ 2015ರವರೆಗೆ ಎರಡೂ ಬಹುಮಾನಗಳು ಒಂದಾಗಿದ್ದವು. ಆ ಬಳಿಕ ಮನೆ ಪಾಲಾದಂತೆ ಪಾಲಾಗಿ, 2016ರಿಂದ ಫಿಫಾದ್ದು 'ದಿ ಬೆಸ್ಟ್' ಎಂಬ ಹೆಸರಿನಲ್ಲಿ ನಡೆದಿದೆ.

ಇದರ ಮತದಾನದ ಕ್ರಮ ಸ್ವಾರಸ್ಯವಾದುದು. ಮತದಾರರಲ್ಲಿ ನಾಲ್ಕು ಗುಂಪು: ರಾಷ್ಟ್ರೀಯ ತಂಡಗಳ ನಾಯಕರು, ಅವುಗಳ ತರಬೇತಿದಾರರು, ದೇಶಕ್ಕೊಬ್ಬರಂತೆ ಪತ್ರಕರ್ತರು, ಮತ್ತು ಅಂತರ್ಜಾಲದ ಮೂಲಕ ಮತ ಹಾಕುವ ಸಾಮಾನ್ಯ ಪ್ರೇಕ್ಷಕರು. ಭಾರತದ ನಾಯಕರಿಗೂ ತರಬೇತಿದಾರರಿಗೂ ಇಲ್ಲಿ ಬ್ರೆಜಿಲಿನವರಷ್ಟೇ ಹಕ್ಕು. ಪ್ರತಿ ಗುಂಪಿನಲ್ಲಿ ಮೊದಲು ಬಂದವರಿಗೆ 13 ಅಂಕ, ಎರಡನೆಯವರಿಗೆ 11, ಮೂರನೆಯವರಿಗೆ 9, ಹೀಗೆ ಇಳಿಯುತ್ತದೆ. ಆದುದರಿಂದ ಪ್ರೇಕ್ಷಕರು ಎಷ್ಟೇ ಲಕ್ಷ ಮಂದಿ ಮತ ಹಾಕಿದರೂ ಅವರ ತೂಕ ಒಟ್ಟಿನಲ್ಲಿ ಕಾಲುಭಾಗ ಮಾತ್ರ.

2023ರ ಬಹುಮಾನದಲ್ಲಿ ಈ ಲೆಕ್ಕ ವಿಚಿತ್ರ ಫಲ ಕೊಟ್ಟಿತು. ನಾಯಕರೂ ಪ್ರೇಕ್ಷಕರೂ ಮೆಸ್ಸಿಯನ್ನು ಮೊದಲಿಟ್ಟರು. ತರಬೇತಿದಾರರೂ ಪತ್ರಕರ್ತರೂ ನಾರ್ವೆಯ ಹಾಲಂಡರನ್ನು ಮೊದಲಿಟ್ಟರು. ಇಬ್ಬರಿಗೂ ಎರಡು 13, ಎರಡು 11; ಕೂಡಿದರೆ 48. ಸರಿಸಮ! ಸಮವಾದಾಗ ನಾಯಕರ ಮತವೇ ನಿರ್ಣಾಯಕ ಎಂದು ನಿಯಮವಿದ್ದುದರಿಂದ ಮೆಸ್ಸಿ ಗೆದ್ದರು.

ಇನ್ನು 2024ರ ಒಗಟು ತಾನೇ ಬಿಡಿಸಿಕೊಳ್ಳುತ್ತದೆ. ಚಿನ್ನದ ಚೆಂಡಿಗೆ ಫಿಫಾ ಪಟ್ಟಿಯ ಮೊದಲ 100 ದೇಶಗಳ ಪತ್ರಕರ್ತರು, ದೇಶಕ್ಕೊಬ್ಬರಂತೆ ಮತ ಹಾಕಿದರು, ರೋಡ್ರಿ ಗೆದ್ದರು. ಸೋಲಿನ ಸುಳಿವು ಸಿಕ್ಕಿ ವಿನೀಸಿಯಸರ ರಿಯಲ್ ಮ್ಯಾಡ್ರಿಡ್ ತಂಡದವರು ಸಮಾರಂಭಕ್ಕೇ ಬರಲಿಲ್ಲ. ಫಿಫಾದಲ್ಲಿ ನಾಲ್ಕು ಗುಂಪು ಸೇರಿದಾಗ ವಿನೀಸಿಯಸ್ ಮುಂದಾದರು. ಇಬ್ಬರ ಆಟವೂ ಬದಲಾಗಲಿಲ್ಲ; ನೋಡಿದ ಕಣ್ಣುಗಳು ಬೇರೆ.

ತರಬೇತಿದಾರರ ವಿಷಯಕ್ಕೆ ಬರೋಣ. ಅವರಿಗೆ ಫಿಫಾದ ಈ ವಾರ್ಷಿಕ ಗೌರವ 2010ರಲ್ಲಿ, ಚಿನ್ನದ ಚೆಂಡಿನ ವೇದಿಕೆಯಲ್ಲಿ 2024ರಲ್ಲಿ ಮಾತ್ರ ದೊರೆಯಿತು. ಮೆಲ್ಬೋರ್ನಿನ ತಂಡವನ್ನು ತಿದ್ದಿದವರು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರು, ವೃತ್ತಿಯಿಂದ ಉಪಾಧ್ಯಾಯರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಅವರ ತಂಡ ಚಿನ್ನ ಗೆದ್ದಿತು. ಮರುವರ್ಷವೇ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅಂಥವರಿಗೆ ಮತ ಕೇಳುವ ಪದ್ಧತಿಯೇ ಆಗ ಇರಲಿಲ್ಲ. ಈಚೆಗೆ ಹಾಲೆಂಡಿನ ಸರೀನಾ ವೀಗ್ಮನ್ ಎಂಬ ಮಹಿಳೆ 2017ರಿಂದ 2023ರೊಳಗೆ ನಾಲ್ಕು ಸಲ ಫಿಫಾ ಗೌರವ ಪಡೆದಿದ್ದಾರೆ.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಮತವು ಹೆಚ್ಚಾಗಿ ಗೋಲು ಹೊಡೆದವರ ಕಡೆಗೇ ವಾಲುತ್ತದೆ. ಇಷ್ಟು ವರ್ಷಗಳಲ್ಲಿ ಚಿನ್ನದ ಚೆಂಡು ಪಡೆದ ಗೋಲ್‌ಕೀಪರ್ ಒಬ್ಬರೇ: 1963ರಲ್ಲಿ ರಷ್ಯದ ಲೆವ್ ಯಾಷಿನ್. ಲೆಕ್ಕದ ಪುಸ್ತಕವನ್ನು ವರ್ಷವಿಡೀ ಸರಿಯಾಗಿಟ್ಟ ಗುಮಾಸ್ತರನ್ನು ಯಾರೂ ಕೇಳುವುದಿಲ್ಲ. ಒಂದು ಅಂಕಿ ತಪ್ಪಿದ ದಿನ ಎಲ್ಲರೂ ಕೇಳುತ್ತಾರೆ. ಗೋಲು ಕಾಯುವವರ ಪಾಡೂ ಅದೇ.

ಆದರೆ ಮನಸ್ಸಿಗೆ ಸಮಾಧಾನ ಕೊಡುವ ಸಂಗತಿಯೂ ಒಂದುಂಟು. ವರ್ಷದ ಅತಿ ಸುಂದರ ಗೋಲಿಗೆ ಫಿಫಾ ಹಂಗೆರಿಯ ಪುಷ್ಕಾಷ್ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ. 2022ರ ಬಹುಮಾನ ಪೋಲೆಂಡಿನ ಮಾರ್ಚಿನ್ ಒಲೆಕ್ಸಿ ಅವರಿಗೆ ಸಂದಿತು. ಅವರು ರಸ್ತೆ ದುರಸ್ತಿಯ ಕೆಲಸದಲ್ಲಿದ್ದಾಗ ಕಾರೊಂದು ಬಂದು ಬಡಿದು ಕಾಲು ಕಳೆದುಕೊಂಡವರು. ಊರುಗೋಲುಗಳ ಮೇಲೆ ದೇಹವನ್ನು ಎತ್ತಿ, ಗಾಳಿಯಲ್ಲಿ ಮಗುಚಿ, ಇದ್ದ ಒಂದೇ ಕಾಲಿನಿಂದ ಚೆಂಡನ್ನು ಗೋಲಿಗೆ ಒದ್ದರು. ಅಂತಿಮ ಮೂವರಲ್ಲಿ ವಿಶ್ವಕಪ್ಪಿನಲ್ಲಿ ಹೊಡೆದ ಒಂದು ಗೋಲೂ ಇತ್ತು. ಗೆದ್ದುದು ಒಬ್ಬ ಕೂಲಿಗಾರನ ಗೋಲು.

ಆದುದರಿಂದ ವಾಚಕ ಮಿತ್ರರೇ, ಇನ್ನು ಮುಂದೆ 'ಜಗತ್ತಿನಲ್ಲೇ ಶ್ರೇಷ್ಠ' ಎಂಬ ಸುದ್ದಿ ಕಂಡಾಗ ಮೂರು ಪ್ರಶ್ನೆ ಕೇಳಿ: ಕೊಟ್ಟವರು ಯಾರು? ಮತ ಹಾಕಿದವರು ಯಾರು? ಯಾರನ್ನು ಹೊರಗಿಟ್ಟು ಎಣಿಸಿದರು? ಉತ್ತರ ಸಿಕ್ಕ ಮೇಲೆ ವಾದ ಮಾಡಲು ನಮ್ಮ ಮೇಜು ಇದ್ದೇ ಇದೆ. ಪಕ್ಕದವರು ಓದುತ್ತಿದ್ದರೆ ಧ್ವನಿ ಮಾತ್ರ ಸ್ವಲ್ಪ ತಗ್ಗಿರಲಿ.